ಓದುವವರು, ಎಣಿಸುವವರು

ಸರ್ಕಾರದ ಹಣ ಪಡೆಯುವ ಸಂಶೋಧನಾ ಸಂಸ್ಥೆ ಅದಕ್ಕೆ ತಕ್ಕ ಕೆಲಸ ಮಾಡುತ್ತಿದೆಯೇ ಎಂದು ಹೊರಗಿನವರು ಬಂದು ನೋಡುವ ಪದ್ಧತಿ ಬೆಂಗಳೂರಿಗೆ ಹೊಸದೇನಲ್ಲ. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಗೆ ಟಾಟಾ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ ಜಮೀನಿನ ಜೊತೆಗೆ ಭಾರತ ಸರ್ಕಾರದ ಅನುದಾನವೂ ಇತ್ತು. ಹಾಗಾಗಿ ಆಗಾಗ ಪರಿಶೀಲನಾ ಸಮಿತಿಗಳು ಬರುತ್ತಿದ್ದವು. 1936ರಲ್ಲಿ ಬಂದದ್ದು ಸರ್ ಜೇಮ್ಸ್ ಇರ್ವೈನ್ ಸಮಿತಿ. ಶಾಂತಿಸ್ವರೂಪ ಭಟ್ನಾಗರ್ ಅದರಲ್ಲಿ ಸದಸ್ಯರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಭೌತಶಾಸ್ತ್ರಕ್ಕೆ ಅತಿಯಾದ ಒತ್ತು ಕೊಟ್ಟಿದ್ದಾರೆಂದು ಸಮಿತಿ ಆಕ್ಷೇಪಿಸಿತು. 1937ರಲ್ಲಿ ರಾಮನ್ ನಿರ್ದೇಶಕ ಹುದ್ದೆ ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. ಅದು ನ್ಯಾಯವೋ ಅನ್ಯಾಯವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ವಾದ ಮಾಡಲು ಅಲ್ಲಿ ಹೆಸರಿದ್ದ ಮನುಷ್ಯರಿದ್ದರು, ಅವರು ಬರೆದ ಕಾರಣಗಳಿದ್ದವು.

ಇಂಥ ಬಿಡಿ ಸಮಿತಿಗಳ ಕಾಲ ಮುಗಿದು ಮೌಲ್ಯಮಾಪನವೇ ಒಂದು ವ್ಯವಸ್ಥೆಯಾದದ್ದು ಬ್ರಿಟನ್ನಿನಲ್ಲಿ. 1981ರಲ್ಲಿ ಥ್ಯಾಚರ್ ಸರ್ಕಾರ ವಿಶ್ವವಿದ್ಯಾಲಯಗಳ ಹಣಕ್ಕೆ ಕತ್ತರಿ ಹಾಕಿತ್ತು. ಇದ್ದಷ್ಟನ್ನು ಎಲ್ಲರಿಗೂ ಹಂಚುವುದೋ, ಚೆನ್ನಾಗಿ ಸಂಶೋಧನೆ ಮಾಡುವವರಿಗೆ ಹೆಚ್ಚು ಕೊಡುವುದೋ? ಗಣಿತಜ್ಞ ಪೀಟರ್ ಸ್ವಿನರ್ಟನ್-ಡೈಯರ್ ಅನುದಾನ ಸಮಿತಿಯ ಅಧ್ಯಕ್ಷರಾಗಿದ್ದಾಗ, 1986ರಲ್ಲಿ, ಮೊದಲ ಬಾರಿಗೆ ದೇಶದ ಎಲ್ಲ ವಿಶ್ವವಿದ್ಯಾಲಯಗಳ ವಿಭಾಗಗಳನ್ನು ತೂಗಿ ನೋಡಲಾಯಿತು. 1989, 1992, 1996, 2001, 2008 ಎಂದು ಅದು ಮರುಕಳಿಸುತ್ತಾ ಹೋಯಿತು. ಆಯಾ ವಿಷಯದ ಪ್ರಾಧ್ಯಾಪಕರೇ ಕುಳಿತು ಸಹೋದ್ಯೋಗಿಗಳ ಬರಹ ಪರಿಶೀಲಿಸಿ ದರ್ಜೆ ಕೊಡುವುದು. ಆ ದರ್ಜೆಯ ಮೇಲೆ ಮುಂದಿನ ವರ್ಷಗಳ ಹಣ.

ವಿಶ್ವವಿದ್ಯಾಲಯಗಳು ಈ ಪರೀಕ್ಷೆಯ ಮರ್ಮವನ್ನು ಬಹುಬೇಗ ಕಲಿತವು. 1996ರಲ್ಲಿ ಮೇಲಿನ ಎರಡು ದರ್ಜೆಯ ವಿಭಾಗಗಳಲ್ಲಿದ್ದ ಸಂಶೋಧಕರು ಶೇ 31. 2001ಕ್ಕೆ ಶೇ 55. ಐದು ವರ್ಷದಲ್ಲಿ ಇಡೀ ದೇಶ ಅಷ್ಟು ಜಾಣವಾಯಿತೆಂದು ನಂಬುವುದು ಕಷ್ಟ. ಸಂಶೋಧನೆ ಸುಧಾರಿಸಿದ್ದು ಸ್ವಲ್ಪವಾದರೆ, ಯಾರ ಹೆಸರು ಕಳಿಸಬೇಕು, ಯಾರದನ್ನು ಬಿಡಬೇಕು ಎಂಬ ಲೆಕ್ಕಾಚಾರ ಸುಧಾರಿಸಿದ್ದು ಇನ್ನೂ ಹೆಚ್ಚು. ಇಷ್ಟು ಜನ ಉತ್ತಮರಿಗೆ ಕೊಡಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಕೆಳಗಿನ ದರ್ಜೆಗಳ ಪಾಲು ಹೋಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಹಾಗರ್ಟ್ ಕಟ್ಟಿ, ಸ್ಟುವರ್ಟ್ ಹಾಲ್ ಬೆಳೆಸಿದ ಸಂಸ್ಕೃತಿ ಅಧ್ಯಯನ ಕೇಂದ್ರದ ಉತ್ತರಾಧಿಕಾರಿ ವಿಭಾಗ ನಿರೀಕ್ಷೆಗಿಂತ ಕಡಿಮೆ ದರ್ಜೆ ಪಡೆಯಿತು. 2002ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು. ಜಗತ್ತಿಗೆ ಒಂದು ಹೊಸ ಅಧ್ಯಯನ ಕ್ಷೇತ್ರವನ್ನೇ ಕೊಟ್ಟ ಜಾಗ ಅದು. ಇಂಥ ಲೆಕ್ಕ ಎಷ್ಟನ್ನು ಹಿಡಿಯಬಲ್ಲದು? ತಮ್ಮ ವಿಭಾಗದವರು ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೇಳಿದಾಗ 'ಯಾವುದೂ ಇಲ್ಲ' ಎಂದು ಬರೆದು ಕಳಿಸುತ್ತಿದ್ದುದಾಗಿ ಭೌತಶಾಸ್ತ್ರಜ್ಞ ಪೀಟರ್ ಹಿಗ್ಸ್ 2013ರಲ್ಲಿ ಹೇಳಿಕೊಂಡರು. ಆ ವರ್ಷವೇ ಅವರಿಗೆ ನೊಬೆಲ್ ಬಂದಿತ್ತು.

2014ರಿಂದ ಈ ಪರೀಕ್ಷೆಯ ಹೆಸರು ಆರ್‌ಇಎಫ್ (ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್). ಸಂಶೋಧನೆಯಿಂದ ಸಮಾಜಕ್ಕೆ ಏನಾಯಿತೆಂಬ ಪ್ರಶ್ನೆ ಆಗ ಸೇರಿತು: ಮೊದಲು ಶೇ 20 ಅಂಕ, 2021ರಲ್ಲಿ ಶೇ 25. ಮೊದಲ ಸಲವೇ 6,900ಕ್ಕೂ ಹೆಚ್ಚು ನಿದರ್ಶನ ವರದಿಗಳು ಬಂದವು. ಖರ್ಚೂ ಏರಿತು. 2021ರ ಸುತ್ತಿನ ವೆಚ್ಚ ಅಂದಾಜು 47 ಕೋಟಿ ಪೌಂಡ್. ಇದನ್ನೆಲ್ಲ ಕಂಪ್ಯೂಟರಿಗೆ ಬಿಟ್ಟು, ಉಲ್ಲೇಖಗಳನ್ನು ಎಣಿಸಿ ಮುಗಿಸಬಾರದೇ? 2006ರಲ್ಲಿ ಆಗಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಅಂಥದ್ದೇ ಆಸೆ ತೋರಿಸಿದ್ದರು. ಜೇಮ್ಸ್ ವಿಲ್ಸ್‌ಡನ್ ನೇತೃತ್ವದ 2015ರ ವರದಿ ಆಗದೆಂದಿತು: ಓದಿ ಕೊಟ್ಟ ಅಂಕಕ್ಕೂ ಎಣಿಸಿ ಬಂದ ಅಂಕಕ್ಕೂ ತಾಳೆಯಾಗುತ್ತಿರಲಿಲ್ಲ.

ಎಣಿಸಿ ನೋಡಿದವರ ಅನುಭವವೂ ಅದನ್ನೇ ಹೇಳುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯಾ ಪ್ರಕಟಣೆಗಳ ಸಂಖ್ಯೆಯನ್ನು ಅನುದಾನದ ಸೂತ್ರಕ್ಕೆ ಸೇರಿಸಿತು. ಲೇಖನಗಳು ಹೆಚ್ಚಿದವು, ಆದರೆ ಅತಿ ಹೆಚ್ಚು ಏರಿಕೆ ಕಂಡದ್ದು ಕೆಳದರ್ಜೆಯ ನಿಯತಕಾಲಿಕೆಗಳಲ್ಲಿ ಎಂದು ಸಂಶೋಧಕಿ ಲಿಂಡಾ ಬಟ್ಲರ್ ತೋರಿಸಿಕೊಟ್ಟರು. ಜೆಕ್ ದೇಶದಲ್ಲಿ ಪ್ರತಿ ಪ್ರಕಟಣೆಗೂ ಅಂಕ, ಅಂಕಕ್ಕೆ ಹಣ. ಅಲ್ಲಿನ ಸಂಶೋಧಕರು ಆ ಪದ್ಧತಿಗೆ 'ಕಾಫಿ ಪುಡಿ ಮಾಡುವ ಯಂತ್ರ' ಎಂದು ಅಡ್ಡಹೆಸರಿಟ್ಟರು. ಅದನ್ನು ಕೈಬಿಟ್ಟದ್ದೂ ಆಯಿತು.

ನಮ್ಮಲ್ಲಿ 1972ರ ತಿದ್ದುಪಡಿಯಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆಗೆ ಈಗ 12(ಬಿ) ಎನ್ನುವ ಕಲಮು ಬಂತು. ಅದರಡಿ ಅರ್ಹವೆನಿಸದ ವಿಶ್ವವಿದ್ಯಾಲಯಕ್ಕೆ ಕೇಂದ್ರದ ಅನುದಾನವಿಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್ ಶುರುವಾಯಿತು. ಅಲ್ಲಿ ತಂಡ ಕಾಲೇಜಿಗೇ ಬಂದು ನೋಡುವ ಕ್ರಮವಿತ್ತು. ಆದರೆ ನೋಡುವವರ ಪ್ರಾಮಾಣಿಕತೆಗೆ ಕಾವಲಿಲ್ಲದಿದ್ದರೆ ಏನಾಗುತ್ತದೆಂಬುದು 2025ರ ಫೆಬ್ರವರಿಯಲ್ಲಿ ಗೊತ್ತಾಯಿತು. ಪರಿಶೀಲನಾ ತಂಡದ ಸದಸ್ಯರನ್ನು ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. 2016ರಿಂದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕ ಬಂದಿದೆ. ಸಂಶೋಧನೆಯ ಅಂಕಕ್ಕೆ ಅದು ನೋಡುವುದು ಪ್ರಕಟಣೆ, ಉಲ್ಲೇಖಗಳನ್ನು ದಾಖಲಿಸುವ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ದತ್ತಾಂಶಕೋಶಗಳನ್ನು. ಹಿಂತೆಗೆದುಕೊಂಡ ಲೇಖನಗಳಿಗೆ ಅಂಕ ಕಳೆಯುವ ನಿಯಮವನ್ನು 2025ರಲ್ಲಿ ಸೇರಿಸಬೇಕಾಯಿತೆಂದರೆ ಕಾಯಿಲೆ ಎಲ್ಲಿಗೆ ಮುಟ್ಟಿದೆ ಎಂದು ಊಹಿಸಬಹುದು. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ತನ್ನ 'ಪೇರ್' ಅನುದಾನ ಯೋಜನೆಗೆ ಅರ್ಹ ಸಂಸ್ಥೆಗಳನ್ನು ಗುರುತಿಸಲು ಈ ಶ್ರೇಯಾಂಕವನ್ನೇ ಹಿಡಿದುಕೊಂಡಿದೆ.

ಸ್ಕೋಪಸ್‌ನಲ್ಲಿ ಕನ್ನಡದ ವಿದ್ವತ್ ಗ್ರಂಥಗಳಿಗೆ ಹೆಚ್ಚೂಕಡಿಮೆ ಜಾಗವೇ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಗೌರವಿಸಿದ ಎಂ.ಎಂ. ಕಲಬುರ್ಗಿಯವರ 'ಮಾರ್ಗ'ದಂಥ ಕೆಲಸ ಇವತ್ತು ಬಂದರೂ ಅವರ ವಿಶ್ವವಿದ್ಯಾಲಯದ ಅಂಕ ಏರುವುದಿಲ್ಲ. ಬ್ರಿಟನ್ನಿನ ಆರ್‌ಇಎಫ್ ಎಷ್ಟೇ ದುಬಾರಿಯಾಗಿರಲಿ, ವೆಲ್ಷ್ ಭಾಷೆಯಲ್ಲಿ ಬರೆದ ಸಂಶೋಧನೆಯನ್ನು ಇಂಗ್ಲಿಷಿನದಕ್ಕೆ ಸಮನಾಗಿ ಸ್ವೀಕರಿಸಿ, ಆ ಭಾಷೆ ಬಲ್ಲವರಿಂದ ಓದಿಸುತ್ತದೆ. ಹೊಸ ಪ್ರತಿಷ್ಠಾನವೂ ಮಾನವಿಕ ವಿಭಾಗಗಳಿಗೆ ಹಣ ನಿರ್ಧರಿಸುವ ಮೊದಲು ಪ್ರತಿ ಸಂಸ್ಥೆಯಿಂದ ಕೆಲವೇ ಕೃತಿಗಳನ್ನು ತರಿಸಿಕೊಂಡು, ಕನ್ನಡದ್ದನ್ನು ಕನ್ನಡ ಬಲ್ಲ ವಿದ್ವಾಂಸರಿಂದ, ತಮಿಳಿನದನ್ನು ತಮಿಳು ಬಲ್ಲವರಿಂದ ಓದಿಸಲಿ. ಆ ಓದುಗರ ಹೆಸರನ್ನೂ ಅವರು ಕೊಟ್ಟ ಕಾರಣಗಳನ್ನೂ ಪ್ರಕಟಿಸಲಿ.