ಕರ್ನಾಟಕದಲ್ಲಿ ಇಂಧನ ಮಾರಾಟ ತೆರಿಗೆ ಮತ್ತು ಸಾರಿಗೆ ಅಭಿವೃದ್ಧಿ

ಇಂಧನ ಮಾರಾಟ ತೆರಿಗೆಯು ಪೆಟ್ರೋಲ್ ಮತ್ತು ಡೀಸೆಲ್ ಮಾರಾಟದ ಮೇಲೆ ಕರ್ನಾಟಕ ರಾಜ್ಯ ಸರ್ಕಾರ ವಿಧಿಸುವ ತೆರಿಗೆಯಾಗಿದೆ. ಇದನ್ನು ಕರ್ನಾಟಕ ಮಾರಾಟ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ ವಸೂಲು ಮಾಡಲಾಗುತ್ತದೆ. ತೆರಿಗೆಯ ಹೊರೆ ಬಹುಪಾಲು ವಾಹನ ಬಳಸುವವರ ಮೇಲೆ ಬೀಳುತ್ತದೆಯಾದರೂ, ಬಂದ ಹಣವನ್ನು ರಸ್ತೆ ಅಥವಾ ಬಸ್ಸುಗಳಿಗೇ ವೆಚ್ಚ ಮಾಡಬೇಕೆಂಬ ಕಾನೂನಿನ ಕಟ್ಟುಪಾಡಿಲ್ಲ. ಸಾರಿಗೆಗಾಗಿ ಪ್ರತ್ಯೇಕ ತೆರಿಗೆ ಇರಬೇಕೆ, ಇದ್ದರೆ ಅದನ್ನು ಯಾವ ಪ್ರದೇಶದವರು ಭರಿಸಬೇಕು ಎಂಬ ಪ್ರಶ್ನೆಗಳು 2024 ಮತ್ತು 2025ರ ದರ ಏರಿಕೆಗಳ ಸಂದರ್ಭದಲ್ಲಿ ಮತ್ತೆ ಮುನ್ನೆಲೆಗೆ ಬಂದವು.

ಸಂವಿಧಾನಾತ್ಮಕ ಆಧಾರ

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿರುವ 54ನೆಯ ನಮೂದು ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನ ಇಂಧನ ಮುಂತಾದವುಗಳ ಮಾರಾಟದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಬಹುತೇಕ ಸರಕುಗಳ ಮೇಲಿನ ಮಾರಾಟ ತೆರಿಗೆ ಅದರಲ್ಲಿ ವಿಲೀನವಾಯಿತು. ಪೆಟ್ರೋಲ್ ಮತ್ತು ಡೀಸೆಲ್‌ಗಳನ್ನು ಹೊರಗಿಡಲಾದ ಕಾರಣ, ರಾಜ್ಯ ಸರ್ಕಾರ ತಾನೇ ದರ ನಿಗದಿ ಮಾಡಬಹುದಾದ ಕೆಲವೇ ದೊಡ್ಡ ತೆರಿಗೆ ಮೂಲಗಳಲ್ಲಿ ಇವು ಉಳಿದುಕೊಂಡವು.

ವಾಹನ ತೆರಿಗೆ (ನಮೂದು 57) ಮತ್ತು ರಸ್ತೆ ಸುಂಕ (ನಮೂದು 59) ಕೂಡ ರಾಜ್ಯ ಪಟ್ಟಿಯಲ್ಲಿವೆ. ಇವುಗಳ ಆದಾಯ ಸಂವಿಧಾನದ 266ನೆಯ ವಿಧಿಯಂತೆ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಅಲ್ಲಿಂದ ಅದು ಶಾಲೆ, ಆಸ್ಪತ್ರೆ, ವೇತನ, ರಸ್ತೆ ಯಾವುದಕ್ಕಾದರೂ ಹೋಗಬಹುದು. ನಿರ್ದಿಷ್ಟ ಉದ್ದೇಶಕ್ಕೆ ಹಣ ಮೀಸಲಿಡಬೇಕಾದರೆ ಉಪಕರ ವಿಧಿಸಿ, ಪ್ರತ್ಯೇಕ ನಿಧಿಯನ್ನು ಸ್ಥಾಪಿಸಬೇಕಾಗುತ್ತದೆ.

ಹಿನ್ನೆಲೆ

ಇಂಧನ ತೆರಿಗೆಯನ್ನು ರಸ್ತೆಗೆ ಮೀಸಲಿಡುವ ಕಲ್ಪನೆ ಭಾರತದಲ್ಲಿ ಸ್ವಾತಂತ್ರ್ಯಪೂರ್ವದ್ದು. ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ರಸ್ತೆ ಅಭಿವೃದ್ಧಿ ಸಮಿತಿಯನ್ನು 1927ರಲ್ಲಿ ನೇಮಿಸಲಾಯಿತು. ಪೆಟ್ರೋಲ್ ಮೇಲೆ ಹೆಚ್ಚುವರಿ ಸುಂಕ ವಿಧಿಸಿ ರಸ್ತೆ ನಿಧಿ ಕಟ್ಟಬೇಕೆಂಬ ಅದರ ಶಿಫಾರಸಿನ ಮೇರೆಗೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ಆರಂಭವಾಯಿತು. ಕೇಂದ್ರ ರಸ್ತೆ ನಿಧಿ ಅಧಿನಿಯಮ, 2000 ಈ ನಿಧಿಗೆ ಶಾಸನಬದ್ಧ ಸ್ವರೂಪ ನೀಡಿತು. 2018ರಲ್ಲಿ ಇದರ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದಾಯಿತು. ಕೇಂದ್ರವು ವಿಧಿಸುವ ಉಪಕರಗಳು 270ನೆಯ ವಿಧಿಯ ಪ್ರಕಾರ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆ ಮೊತ್ತದ ಹೊರಗಿರುವುದರಿಂದ, ರಾಜ್ಯಗಳು ತಮ್ಮ ಮಾರಾಟ ತೆರಿಗೆಯನ್ನೇ ಹೆಚ್ಚಾಗಿ ಅವಲಂಬಿಸುತ್ತವೆ.

ಇದಕ್ಕೆ ವ್ಯತಿರಿಕ್ತವಾದ ಅನುಭವವೂ ಕರ್ನಾಟಕಕ್ಕಿದೆ. ಪಟ್ಟಣಗಳ ಗಡಿಯಲ್ಲಿ ಸರಕು ವಾಹನಗಳನ್ನು ತಡೆದು ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕವು ಸ್ಥಳೀಯ ಸಂಸ್ಥೆಗಳಿಗೆ ಆದಾಯ ತರುತ್ತಿತ್ತು, ಆದರೆ ಸಾಗಾಣಿಕೆಯನ್ನೇ ನಿಧಾನಗೊಳಿಸುತ್ತಿತ್ತು. ರಾಜ್ಯವು 1979ರಲ್ಲಿ ಅದನ್ನು ರದ್ದುಪಡಿಸಿ, ಸರಕು ಪ್ರವೇಶ ತೆರಿಗೆ ಅಧಿನಿಯಮವನ್ನು ಜಾರಿಗೆ ತಂದಿತು.

ಬೆಂಗಳೂರಿನ ಉಪಕರ

ಒಂದು ಪ್ರದೇಶದ ಸಾರಿಗೆಗೆ ಅದೇ ಪ್ರದೇಶದ ತೆರಿಗೆಯಿಂದ ಹಣ ಹೊಂದಿಸುವ ಪ್ರಯತ್ನ ರಾಜ್ಯದಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ನಗರಕ್ಕೆ ಲಘು ರೈಲು ವ್ಯವಸ್ಥೆ ಒದಗಿಸಲು 1994ರಲ್ಲಿ ಬೆಂಗಳೂರು ಮಾಸ್ ರಾಪಿಡ್ ಟ್ರಾನ್ಸಿಟ್ ಲಿಮಿಟೆಡ್ ಸ್ಥಾಪನೆಯಾಯಿತು. ಯೋಜನೆಗೆ ಬಂಡವಾಳ ಕೂಡಿಸಲು ಆ ದಶಕದಲ್ಲಿ ನಗರ ವ್ಯಾಪ್ತಿಯ ಕೆಲವು ತೆರಿಗೆಗಳ ಮೇಲೆ ಉಪಕರ ವಿಧಿಸಲಾಯಿತು. ಲಘು ರೈಲು ಯೋಜನೆ ಕಾರ್ಯಗತವಾಗಲಿಲ್ಲ. ಅದರ ಬದಲು ರೂಪುಗೊಂಡ ನಮ್ಮ ಮೆಟ್ರೋಗೆ 2006ರ ಜೂನ್ 24ರಂದು ಶಂಕುಸ್ಥಾಪನೆಯಾಯಿತು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ಮೊದಲ ಭಾಗ 2011ರ ಅಕ್ಟೋಬರ್ 20ರಂದು ಸಂಚಾರಕ್ಕೆ ಮುಕ್ತವಾಯಿತು. ತೆರಿಗೆ ಆರಂಭವಾಗುವುದಕ್ಕೂ ಸೇವೆ ದೊರೆಯುವುದಕ್ಕೂ ನಡುವಿನ ಈ ದೀರ್ಘ ಅಂತರವು ಉದ್ದೇಶಿತ ಉಪಕರಗಳ ದೊಡ್ಡ ತೊಡಕನ್ನು ತೋರಿಸುತ್ತದೆ.

ದರಗಳ ಬದಲಾವಣೆ

2020ರ ಆಯವ್ಯಯದ ನಂತರ ರಾಜ್ಯದ ತೆರಿಗೆ ದರಗಳು ಹೀಗಿವೆ:

• 2020: ಪೆಟ್ರೋಲ್ ಶೇ. 32ರಿಂದ 35ಕ್ಕೆ, ಡೀಸೆಲ್ ಶೇ. 21ರಿಂದ 24ಕ್ಕೆ ಏರಿಕೆ.
• 2021 ನವೆಂಬರ್: ಕೇಂದ್ರದ ಅಬಕಾರಿ ಸುಂಕ ಕಡಿತದ ಬೆನ್ನಲ್ಲೇ ಪೆಟ್ರೋಲ್ ಶೇ. 25.92ಕ್ಕೆ, ಡೀಸೆಲ್ ಶೇ. 14.34ಕ್ಕೆ ಇಳಿಕೆ.
• 2024 ಜೂನ್ 15: ಪೆಟ್ರೋಲ್ ಶೇ. 29.84ಕ್ಕೆ, ಡೀಸೆಲ್ ಶೇ. 18.44ಕ್ಕೆ ಏರಿಕೆ.
• 2025 ಏಪ್ರಿಲ್ 1: ಡೀಸೆಲ್ ಶೇ. 21.17ಕ್ಕೆ ಏರಿಕೆ.

ತೆರಿಗೆಯು ಬೆಲೆಯ ಶೇಕಡಾವಾರು ಲೆಕ್ಕದಲ್ಲಿರುವುದರಿಂದ ಕಚ್ಚಾತೈಲದ ಬೆಲೆ ಅಥವಾ ಕೇಂದ್ರದ ಸುಂಕ ಹೆಚ್ಚಿದರೆ ರಾಜ್ಯದ ಆದಾಯವೂ ತಾನಾಗಿ ಹೆಚ್ಚುತ್ತದೆ. 2025ರ ಏಪ್ರಿಲ್ ಏರಿಕೆಯ ನಂತರ ಬೆಂಗಳೂರಿನಲ್ಲಿ ಡೀಸೆಲ್ ಬೆಲೆ ಲೀಟರಿಗೆ 91.02 ರೂಪಾಯಿಯಾಯಿತು. ಶೇ. 21.17ರ ಲೆಕ್ಕದಲ್ಲಿ ಇದರಲ್ಲಿ ಸುಮಾರು 16 ರೂಪಾಯಿ ರಾಜ್ಯದ ಮಾರಾಟ ತೆರಿಗೆ. ಏರಿಕೆಯ ಪರಿಣಾಮ ಲೀಟರಿಗೆ ಸುಮಾರು 2 ರೂಪಾಯಿ. ಅಂದರೆ 300 ಲೀಟರ್ ತುಂಬಿಸುವ ಲಾರಿಗೆ ಪ್ರತಿಸಲ ಸುಮಾರು 600 ರೂಪಾಯಿ ಹೆಚ್ಚುವರಿ ವೆಚ್ಚ.

ಚರ್ಚೆ

ಪರವಾದ ವಾದಗಳು

ಅಗತ್ಯ ಸಾರ್ವಜನಿಕ ಸೇವೆ ಮತ್ತು ಅಭಿವೃದ್ಧಿ ಕಾರ್ಯಗಳಿಗೆ ಸಂಪನ್ಮೂಲ ಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸರ್ಕಾರ ದರ ಏರಿಕೆಯನ್ನು ಸಮರ್ಥಿಸಿಕೊಂಡಿತು. 2025ರ ಡೀಸೆಲ್ ದರವು 2021ರ ನವೆಂಬರ್‌ಗೆ ಮೊದಲಿದ್ದ ಶೇ. 24ಕ್ಕಿಂತ ಕಡಿಮೆಯೆಂದೂ, ಏರಿಕೆಯ ನಂತರವೂ ಬೆಲೆ ನೆರೆಯ ರಾಜ್ಯಗಳಿಗಿಂತ ಕಡಿಮೆಯೆಂದೂ ಅದು ಹೇಳಿತು. ರಸ್ತೆಯನ್ನು ಹೆಚ್ಚು ಬಳಸುವವರು ಹೆಚ್ಚು ಇಂಧನ ಸುಡುವುದರಿಂದ ತೆರಿಗೆ ಬಳಕೆಗೆ ತಕ್ಕಂತಿರುತ್ತದೆ ಎಂಬುದು ಇಂತಹ ತೆರಿಗೆಗಳ ಪರವಾದ ಸಾಮಾನ್ಯ ವಾದ.

ವಿರೋಧದ ವಾದಗಳು

ವಿರೋಧ ಪಕ್ಷಗಳು ಈ ಏರಿಕೆಯನ್ನು ಗ್ಯಾರಂಟಿ ಯೋಜನೆಗಳ ವೆಚ್ಚದೊಂದಿಗೆ ತಳುಕು ಹಾಕಿ ಪ್ರತಿಭಟಿಸಿದವು. 2025ರ ಏಪ್ರಿಲ್ ಮಧ್ಯಭಾಗದಲ್ಲಿ ಲಾರಿ ಮಾಲೀಕರ ಒಕ್ಕೂಟ ಮುಷ್ಕರ ನಡೆಸಿತು. ಡೀಸೆಲ್ ದರ ಏರಿಕೆಯನ್ನು ಹಿಂಪಡೆಯುವುದು ಮತ್ತು ರಾಜ್ಯ ಹೆದ್ದಾರಿಗಳ ಟೋಲ್ ರದ್ದುಪಡಿಸುವುದು ಅದರ ಬೇಡಿಕೆಗಳಲ್ಲಿದ್ದವು. ಇಂಧನ ತೆರಿಗೆ, ವಾಹನ ತೆರಿಗೆ, ಟೋಲ್ ಮೂರನ್ನೂ ಕಟ್ಟುವವರು ಒಂದೇ ರಸ್ತೆಗೆ ಮೂರು ಸಲ ಹಣ ಕೊಡುತ್ತಾರೆ ಎಂಬುದು ಇಂತಹ ಬೇಡಿಕೆಯ ಹಿಂದಿರುವ ತರ್ಕ.

ಸಾರ್ವಜನಿಕ ಬಸ್ಸುಗಳ ಮೇಲಿನ ಪರಿಣಾಮ ಮತ್ತೊಂದು ಅಂಶ. ಸರ್ಕಾರಿ ಸಾರಿಗೆ ನಿಗಮಗಳು ತಾವು ಬಳಸುವ ಡೀಸೆಲ್‌ಗೂ ಈ ತೆರಿಗೆಯನ್ನು ತೆರುತ್ತವೆ. ನಾಲ್ಕೂ ನಿಗಮಗಳ ಬಸ್ ದರವನ್ನು 2025ರ ಜನವರಿ 5ರಿಂದ ಶೇ. 15ರಷ್ಟು ಹೆಚ್ಚಿಸಿದಾಗ ಇಂಧನ ಮತ್ತು ಸಿಬ್ಬಂದಿ ವೆಚ್ಚದ ಏರಿಕೆಯನ್ನೇ ಕಾರಣವಾಗಿ ನೀಡಲಾಗಿತ್ತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರ ಉಚಿತ ಪ್ರಯಾಣದ ವೆಚ್ಚವನ್ನು ಸರ್ಕಾರ ನಿಗಮಗಳಿಗೆ ಭರಿಸಬೇಕಾಗಿದೆ. ಹೀಗಾಗಿ ಒಂದು ಕೈಯಿಂದ ಪಡೆದ ತೆರಿಗೆಯ ಒಂದಂಶವನ್ನು ಸರ್ಕಾರ ಇನ್ನೊಂದು ಕೈಯಿಂದ ಹಿಂದಿರುಗಿಸಿದಂತಾಗುತ್ತದೆ.

ಗಡಿ ಜಿಲ್ಲೆಗಳಲ್ಲಿ

ವಿಜಯಪುರ ಜಿಲ್ಲೆಯು ಮಹಾರಾಷ್ಟ್ರದ ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಎರಡು ರಾಜ್ಯಗಳ ದರ ಬೇರೆಯಾದಾಗ, ಗಡಿ ದಾಟುವ ವಾಹನಗಳು ಅಗ್ಗವಾದ ಕಡೆ ಇಂಧನ ತುಂಬಿಸಿಕೊಳ್ಳುತ್ತವೆ. ಕರ್ನಾಟಕದ ದರ ಕಡಿಮೆಯಿದ್ದಷ್ಟೂ ಗಡಿಯ ಈಚೆಗಿನ ಬಂಕ್‌ಗಳಿಗೆ ಲಾಭ. ವ್ಯತ್ಯಾಸ ಕುಗ್ಗಿದರೆ ಆ ವ್ಯಾಪಾರವೂ, ಅದರೊಡನೆ ತೆರಿಗೆಯೂ ಕುಗ್ಗುತ್ತದೆ.

ತಿಕೋಟಾ ಮತ್ತು ಬಬಲೇಶ್ವರ ಭಾಗ ದ್ರಾಕ್ಷಿ ಬೆಳೆಗೆ ಹೆಸರಾಗಿದೆ. ಇಲ್ಲಿಯ ಒಣದ್ರಾಕ್ಷಿ ಸಾಂಗಲಿ ಮತ್ತು ತಾಸಗಾಂವ ಮಾರುಕಟ್ಟೆಗಳಿಗೂ ಹೋಗುತ್ತದೆ. ಟ್ರ್ಯಾಕ್ಟರ್, ಬರಗಾಲದಲ್ಲಿ ತೋಟಕ್ಕೆ ನೀರೊಯ್ಯುವ ಟ್ಯಾಂಕರ್, ಸರಕು ಸಾಗಿಸುವ ಲಾರಿ ಎಲ್ಲವೂ ಡೀಸೆಲ್ ಅವಲಂಬಿಸಿವೆ. ಬಂಕ್‌ನಲ್ಲಿ ಹೊಲದ ಕೆಲಸದ ಡೀಸೆಲ್‌ಗೂ ರಸ್ತೆ ಸಂಚಾರದ ಡೀಸೆಲ್‌ಗೂ ಒಂದೇ ತೆರಿಗೆ. ನಿಡೋಣಿಯಂತಹ ಹಳ್ಳಿಗಳಿಗೆ ಸರ್ಕಾರಿ ಬಸ್ ಸೇವೆ ಒದಗಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಜಯಪುರ ವಿಭಾಗ. ಮೆಟ್ರೋ ಇರುವ ನಗರದಲ್ಲಿ ಇಂಧನ ತುಟ್ಟಿಯಾದರೆ ವಾಹನ ಬಿಟ್ಟು ರೈಲು ಹತ್ತುವ ಆಯ್ಕೆಯಿದೆ. ಗ್ರಾಮೀಣ ಭಾಗದಲ್ಲಿ ಬಸ್ಸೇ ಪರ್ಯಾಯ. ಅದರ ದರವೂ ಅದೇ ಡೀಸೆಲ್‌ನೊಂದಿಗೆ ಏರುತ್ತದೆ.

ಇತರ ದೇಶಗಳಲ್ಲಿ

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2008ರಲ್ಲಿ ಸಾರಿಗೆಗಾಗಿ ಶೇ. 0.5ರ ಮಾರಾಟ ತೆರಿಗೆಯನ್ನು 30 ವರ್ಷಗಳ ಅವಧಿಗೆ ಅನುಮೋದಿಸಿದರು. ಅದಕ್ಕೆ ಮೂರನೆಯ ಎರಡು ಬಹುಮತ ಅಗತ್ಯವಾಗಿತ್ತು. ಕೆನಡಾದ ಮೆಟ್ರೋ ವ್ಯಾಂಕೂವರ್‌ನಲ್ಲಿ ಅಷ್ಟೇ ದರದ ಪ್ರಸ್ತಾವವನ್ನು 2015ರ ಜನಮತಗಣನೆಯಲ್ಲಿ ಸುಮಾರು ಶೇ. 62 ಮಂದಿ ತಿರಸ್ಕರಿಸಿದರು. ಎರಡೂ ಕಡೆ ತೆರಿಗೆಯ ದರದೊಂದಿಗೆ ಅದರಿಂದ ಕೈಗೊಳ್ಳುವ ಕಾಮಗಾರಿಗಳ ಯೋಜನೆಯನ್ನೂ ಮತದಾರರ ಮುಂದಿಡಲಾಗಿತ್ತು. ಕರ್ನಾಟಕದಲ್ಲಿ ಇಂಧನ ತೆರಿಗೆಯ ದರವನ್ನು ಸರ್ಕಾರ ಅಧಿಸೂಚನೆಯ ಮೂಲಕ ಬದಲಾಯಿಸುತ್ತದೆ. ದರದೊಂದಿಗೆ ಕಾಮಗಾರಿಗಳ ಪಟ್ಟಿ ಇರುವುದಿಲ್ಲ.

ಇವನ್ನೂ ನೋಡಿ

• ನಮ್ಮ ಮೆಟ್ರೋ
• ಶಕ್ತಿ ಯೋಜನೆ
• ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ
• ಸರಕು ಮತ್ತು ಸೇವಾ ತೆರಿಗೆ