ನಾದದ ತವರು ತಿರುವಾರೂರು

ತಮಿಳುನಾಡಿನ ತಿರುವಾರೂರಿನಲ್ಲಿ ಶ್ರೀ ತ್ಯಾಗರಾಜಸ್ವಾಮಿಯ ಪುರಾತನ ದೇವಸ್ಥಾನವೂ ಅದರ ಪಶ್ಚಿಮಕ್ಕೆ ಕಮಲಾಲಯವೆಂಬ ವಿಶಾಲ ಪುಷ್ಕರಿಣಿಯೂ ಇವೆ. ಸಂಗೀತ ತ್ರಿಮೂರ್ತಿಗಳೆನಿಸಿದ ಶ್ಯಾಮಾಶಾಸ್ತ್ರಿಗಳು 1762ರಲ್ಲಿ, ತ್ಯಾಗರಾಜರು 1767ರಲ್ಲಿ, ಮುತ್ತುಸ್ವಾಮಿ ದೀಕ್ಷಿತರು ಸುಮಾರು 1775ರಲ್ಲಿ ಈ ಒಂದೇ ಊರಿನಲ್ಲಿ ಜನಿಸಿದರು. ಮೂವರ ಜನ್ಮಸ್ಥಳಗಳಲ್ಲಿಯೂ ಸ್ಮಾರಕಗಳಿವೆ.

ಇವರಲ್ಲಿ ಶ್ಯಾಮಾಶಾಸ್ತ್ರಿಗಳ ಬಾಲ್ಯದ ವೃತ್ತಾಂತವು ದೇವಸ್ಥಾನದ ಭಕ್ತರು ಮುಖ್ಯವಾಗಿ ತಿಳಿಯತಕ್ಕದ್ದು. ಅವರ ಪೂರ್ವಿಕರು ಕಂಚಿಯಲ್ಲಿ ಬಂಗಾರು ಕಾಮಾಕ್ಷಿಯ ಅರ್ಚಕರು. ದಂಡುದಾಳಿಯ ಭಯದಿಂದ ಅಮ್ಮನವರ ಚಿನ್ನದ ವಿಗ್ರಹವನ್ನು ಹೊತ್ತು ಊರೂರು ಅಲೆದರು. ಬಂಗಾರವೆಂದ ಮೇಲೆ ದಂಡಿನವರಷ್ಟೇ ಕಳ್ಳರ ಭಯವೂ ಇರುತ್ತದಷ್ಟೆ! ಕೊನೆಗೆ ತಿರುವಾರೂರಿನ ದೇವಸ್ಥಾನದಲ್ಲಿ ಅಮ್ಮನವರಿಗೆ ಆಶ್ರಯ ದೊರೆಯಿತು. ಆ ಪೂಜೆಯ ನಡುವೆಯೇ ಬಾಲಕನು ಬೆಳೆದನು. ಮನೆತನದಲ್ಲಿ ಸಂಗೀತಗಾರರಿರಲಿಲ್ಲ, ಇದ್ದದ್ದು ಅರ್ಚನೆಯೊಂದೇ. 1781ರಲ್ಲಿ ಮೈಸೂರಿನ ಹೈದರಾಲಿಯ ಸೈನ್ಯವು ತಂಜಾವೂರು ಸೀಮೆಗೆ ನುಗ್ಗಿದಾಗ ಕುಟುಂಬವು ಮತ್ತೆ ವಿಗ್ರಹದೊಡನೆ ಹೊರಟು ತಂಜಾವೂರನ್ನು ಸೇರಿತು. ಅಮ್ಮನವರು ಇಂದಿಗೂ ಅಲ್ಲಿಯೇ ಪೂಜೆಗೊಳ್ಳುತ್ತಿದ್ದಾರೆ.

ತ್ಯಾಗರಾಜರಿಗೆ ಈ ಸ್ವಾಮಿಯ ಹೆಸರನ್ನೇ ಇಟ್ಟರಾದರೂ ಬಾಲ್ಯದಲ್ಲಿಯೇ ಅವರು ತಿರುವೈಯಾರಿಗೆ ಹೋದರು. ಅವರ ತಾಯಿ ಸೀತಮ್ಮನವರು ಪುರಂದರದಾಸರ ದೇವರನಾಮಗಳನ್ನು ಹಾಡಿಕೊಳ್ಳುತ್ತಿದ್ದರೆಂದು ಪ್ರತೀತಿ. ಮುಂದೆ ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ದಾಸರನ್ನು ಸ್ಮರಿಸಿರುವುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ.

ಊರಿಗೆ ಮರಳಿ ಬಂದವರು ದೀಕ್ಷಿತರೊಬ್ಬರೇ. ಮದರಾಸಿನ ಬಳಿಯ ಮಣಲಿ, ದೂರದ ಕಾಶಿ ಇವುಗಳನ್ನೆಲ್ಲ ಕಂಡು ಬಂದು, ಇಲ್ಲಿಯ ಕಮಲಾಂಬೆಯ ಮೇಲೆ ನವಾವರಣ ಕೃತಿಗಳನ್ನು ರಚಿಸಿದರು. ನವರಾತ್ರಿಯಲ್ಲಿ ದಿನಕ್ಕೊಂದರಂತೆ ಅವುಗಳನ್ನು ಹಾಡುವ ಪದ್ಧತಿ ಇಂದಿಗೂ ನಡೆದು ಬಂದಿದೆ.