ಪಲ್ಲಡಂ ಸೀಮೆಯ ಚಳಿಗಾಲ ಮತ್ತು ಮಗ್ಗದ ಬದುಕು

‘ಪಲ್ಲಡಂನಲ್ಲಿ ಚಳಿಯೇ?’ ಎಂದು ಉತ್ತರದ ಊರುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ನಗುವುದುಂಟು. ಅವರ ನಗೆ ಸಕಾರಣವಾದುದೇ. ಕೊಯಮತ್ತೂರು ಸೀಮೆಯಲ್ಲಿ ಜನವರಿಯ ಬೆಳಗಿನ ಉಷ್ಣತೆ ಸರಾಸರಿ 18–19 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹಿಮ ಬೀಳುವ ಊರಿನವರಿಗೆ ಇದು ವಸಂತವೇ ಸರಿ. ಆದರೆ ನಸುಕಿನ ನಾಲ್ಕು ಗಂಟೆಗೆ ಬರಿಮೈಯಲ್ಲಿ ಬೀದಿಗಿಳಿದು, ರಾತ್ರಿಯ ಗಂಜಿಯಲ್ಲಿ ಕೈ ಅದ್ದಬೇಕಾದ ನೇಕಾರನಿಗೆ ಆ 18 ಡಿಗ್ರಿಯೇ ಸಾಕಷ್ಟು ಚಳಿಯಾಗಿತ್ತು. ಆ ಚಳಿಗಾಲದ ದಿನಚರಿಯನ್ನು ಕಂಡವರು ನಮ್ಮಲ್ಲಿ ವಿರಳರಾಗುತ್ತಿರುವುದರಿಂದ ಅದನ್ನು ಇಲ್ಲಿ ದಾಖಲಿಸಲು ಬಯಸುತ್ತೇವೆ.

ಪಲ್ಲಡಂ ಕೊಯಮತ್ತೂರಿನಿಂದ ತಿರುಚಿರಾಪಳ್ಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ಹಿಂದೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದ ಈ ಊರು 2009ರಿಂದ ತಿರುಪ್ಪೂರು ಜಿಲ್ಲೆಗೆ ಸೇರಿದೆ. ಪಶ್ಚಿಮ ಘಟ್ಟಗಳ ಮಳೆನೆರಳಿನ ಈ ಒಣನೆಲಕ್ಕೆ ಮುಖ್ಯ ಮಳೆ ಬರುವುದು ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ, ಈಶಾನ್ಯದ ಕಡೆಯಿಂದ. ಆಷಾಢದ ಸುಮಾರಿಗೆ ಪಾಲಕ್ಕಾಡು ಕಣಿವೆಯ ಮೂಲಕ ಬೀಸುವ ಗಾಳಿ ಎಷ್ಟು ಬಿರುಸೆಂದರೆ, ಇಂದು ಅದನ್ನೇ ನಂಬಿ ಸುತ್ತಮುತ್ತ ಗಾಳಿಯಂತ್ರಗಳು ನಿಂತಿವೆ. ಗಾಳಿ ಅಡಗಿ, ಮಳೆ ಹಿಂದೆಗೆದ ಮೇಲೆ ಬರುವುದು ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ. ಈ ಗಾಳಿ ಮಳೆಗಳ ಲೆಕ್ಕಾಚಾರಕ್ಕೂ ನಮ್ಮವರ ಅನ್ನಕ್ಕೂ ನೇರವಾದ ನಂಟಿತ್ತು.

ಈ ಸೀಮೆಯಲ್ಲಿ ಕನ್ನಡ ಮನೆಮಾತಿನವರು ಹಲವು ಸಮುದಾಯಗಳಲ್ಲಿದ್ದಾರೆ. ಅವರಲ್ಲಿ ಮಗ್ಗವನ್ನೇ ನೆಚ್ಚಿದವರು ದೇವಾಂಗರು. ಚೌಡೇಶ್ವರಿಯ ಒಕ್ಕಲಾದ ಇವರು ವಿಜಯನಗರದ ಕಾಲದಿಂದ ಮೊದಲ್ಗೊಂಡು ತಂಡತಂಡವಾಗಿ ಕೊಂಗುನಾಡಿಗೆ ಬಂದರೆಂಬುದು ಮನೆಮನೆಯ ಪ್ರತೀತಿ. ಹದಿನೇಳನೆಯ ಶತಮಾನದಲ್ಲಿ ಮೈಸೂರು ಅರಸರ ಆಳ್ವಿಕೆ ಈ ಕಡೆಗೆ ಚಾಚಿತು; 1799ರಲ್ಲಿ ಟಿಪ್ಪುಸುಲ್ತಾನನ ಪತನದೊಂದಿಗೆ ಕೊಯಮತ್ತೂರು ಕಂಪನಿಯ ವಶವಾಯಿತು. ಗಡಿಗಳು ಬದಲಾದರೂ ಮನೆಯೊಳಗಿನ ಮಾತು ಮಗ್ಗದ ಜೊತೆಯಲ್ಲೇ ಉಳಿದುಬಂದಿತು.

ಈಗ ಚಳಿಗಾಲದ ಒಂದು ದಿನವನ್ನು ನೋಡೋಣ. ಹತ್ತಿಯ ಹಾಸು ನೂಲು ಮಗ್ಗಕ್ಕೆ ಏರುವ ಮುನ್ನ ಅದಕ್ಕೆ ಗಂಜಿ ಕುಡಿಸಬೇಕು. ಇಲ್ಲವಾದರೆ ಅಚ್ಚಿನ ತಿಕ್ಕಾಟಕ್ಕೆ ಎಳೆ ಹರಿಯುತ್ತದೆ. ಈ ಕೆಲಸಕ್ಕೆ ಮನೆ ಸಾಲದು, ಬೀದಿಯೇ ಬೇಕು. ಕವಲುಗೋಲುಗಳ ಮೇಲೆ ಹಾಸನ್ನು ಬೀದಿಯ ಉದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಇಬ್ಬರು ಎದುರುಬದುರಾಗಿ ನಿಂತು ಕುಂಚದಿಂದ ಒಂದೇ ಸಮನೆ ನೀವುತ್ತಾ ಸಾಗುತ್ತಿದ್ದರು. ಕೊನೆಯಲ್ಲಿ ತುಸು ಎಣ್ಣೆ. ನೂಲು ನಿಧಾನವಾಗಿ ಒಣಗಬೇಕು. ಒಣಗುವವರೆಗೂ ಕುಂಚ ಆಡುತ್ತಿರಬೇಕು. ಬಿಸಿಲೇರಿದರೆ ನೂಲು ಬೇಗನೆ ಒಣಗಿ ಬಿರುಸಾಗುತ್ತದೆ. ಆಷಾಢದ ಗಾಳಿಯಲ್ಲಿ ಎಳೆಗಳು ಸಿಕ್ಕಾಗುತ್ತವೆ. ಕಾರ್ತಿಕದ ಮಳೆಯಲ್ಲಿ ಬೀದಿಯೇ ಇಲ್ಲ. ಆದುದರಿಂದ ಮಾರ್ಗಳಿಯ ನಸುಕು ಈ ಕೆಲಸಕ್ಕೆ ಹೇಳಿಮಾಡಿಸಿದ ಹೊತ್ತು. ಇಬ್ಬನಿ ಹೆಚ್ಚಾದ ದಿನ ಮಾತ್ರ ಎಲ್ಲರೂ ಕೈಕಟ್ಟಿ ಪೂರ್ವ ದಿಕ್ಕನ್ನು ನೋಡುತ್ತ, ತೆಂಗಿನ ಗರಿಯ ಬೆಂಕಿಗೆ ಅಂಗೈ ಒಡ್ಡಿ ಕೂರಬೇಕಾಗುತ್ತಿತ್ತು.

ಹಾಸು ಒಬ್ಬರದಾದರೂ ಕೈಗಳು ಬೀದಿಯವರೆಲ್ಲರದು. ಇಂದು ನಿಮ್ಮ ಹಾಸಿಗೆ ನಾವು, ನಾಳೆ ನಮ್ಮ ಹಾಸಿಗೆ ನೀವು. ಇದಕ್ಕೆ ಕೂಲಿಯ ಮಾತಿರಲಿಲ್ಲ. ತುಂಡಾದ ಎಳೆಗಳನ್ನು ಹೊಸೆದು ಕೂಡಿಸುವುದು ಕಣ್ಣು ಚುರುಕಾದ ಹುಡುಗರ ಪಾಲಿಗೆ ಬರುತ್ತಿತ್ತು. ನಾವೂ ಚಳಿಗೆ ಸೆಟೆದ ಬೆರಳುಗಳನ್ನು ಬಾಯಿಯ ಆವಿಯಿಂದ ಸಡಿಲಿಸಿಕೊಂಡು ಆ ಕೆಲಸ ಮಾಡಿ, ಆಮೇಲೆ ಶಾಲೆಗೆ ಓಡಿದವರೇ. ಆ ಹೊತ್ತಿಗೆ ಒಂದು ಕಡೆಯಿಂದ ತಿರುಪ್ಪಾವೈ ಕೇಳಿಬರುತ್ತಿತ್ತು. ಹೆಂಗಸರು ರಂಗೋಲಿಯ ನಡುವೆ ಸಗಣಿಯುಂಡೆಯಿಟ್ಟು ಅದಕ್ಕೆ ಕುಂಬಳದ ಹೂ ಸಿಕ್ಕಿಸುತ್ತಿದ್ದರು. ಹಾಸು ಕಟ್ಟಿದ ಬೀದಿಯಲ್ಲಿ ರಂಗೋಲಿ ಗೋಡೆಯ ಬದಿಗೆ ಸರಿಯುತ್ತಿತ್ತು.

ಮನೆಯೊಳಗೆ ಗುಂಡಿ ಮಗ್ಗ. ನೇಕಾರ ನೆಲದ ಅಂಚಿನಲ್ಲಿ ಕುಳಿತು ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು ಮೆಟ್ಟುಗೋಲುಗಳನ್ನು ತುಳಿಯಬೇಕು. ಗುಂಡಿಯ ತೇವ ಹತ್ತಿಯ ನೂಲಿಗೆ ಹಿತ, ಎಳೆ ಹರಿಯುವುದು ಕಡಿಮೆ. ಮೊಣಕಾಲಿಗೆ ಮಾತ್ರ ಅಹಿತ. ಚಳಿಗಾಲದಲ್ಲಿ ಹಿರಿಯರ ಕಾಲುಗಳು ಬಾತುಕೊಳ್ಳುತ್ತಿದ್ದವು. ಅಜ್ಜಿಯಂದಿರು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಊಟಕ್ಕೆ ಸಜ್ಜೆ ಅಥವಾ ಜೋಳ, ಮೈ ಬೆಚ್ಚಗಾಗಲು ಹುರುಳಿ, ಋತುವಿನ ಕೊಡುಗೆಯಾಗಿ ಅವರೆ. ಊರಿಗೆಲ್ಲ ಬಟ್ಟೆ ನೇಯ್ದುಕೊಡುವವರ ಮನೆಯಲ್ಲಿ ಮಕ್ಕಳು ಹೊದೆಯುತ್ತಿದ್ದುದು ಬಹುಮಟ್ಟಿಗೆ ಹಳೆಯ ಸೀರೆಗಳ ಕೌದಿಯನ್ನೇ.

ಚಳಿಗಾಲ ಭೋಗಿಯ ದಿನ ಮುಗಿಯುವ ಲೆಕ್ಕ. ಅಂದು ಕೊಂಗುನಾಡಿನ ವಾಡಿಕೆಯಂತೆ ಬೇವು, ಆವರಿಕೆ ಹೂ, ಬಿಳಿಹಿಂಡಿಗಳನ್ನು ಕಟ್ಟುಮಾಡಿ ಮನೆಯ ಸೂರಿಗೆ ಸಿಕ್ಕಿಸುತ್ತಾರೆ. ಈ ವಾಡಿಕೆಯನ್ನು ನಮ್ಮವರೂ ನೆರೆಯವರಿಂದ ಕಲಿತು ತಮ್ಮದಾಗಿಸಿಕೊಂಡರು. ಪೊಂಗಲಿಗೆ ಮುನ್ನ ಬಟ್ಟೆ ಮಾರಾಟವಾಗಬೇಕು, ಕೂಲಿ ಕೈಸೇರಬೇಕು. ಮಾರ್ಗಳಿಯ ದುಡಿಮೆಯೆಲ್ಲ ಈ ಒಂದು ಗುರಿಗಾಗಿ.

ಆ ಗುರಿ ಕೈತಪ್ಪಿದ ಚಳಿಗಾಲವೊಂದನ್ನು ನಮ್ಮ ಹಿರಿಯರು ಮರೆಯಲೇ ಇಲ್ಲ. ಅದು 1952–53ರದು. ಯುದ್ಧಕಾಲದಿಂದ ನೂಲಿನ ನಿಯಂತ್ರಣದಲ್ಲಿ ನಲುಗಿದ್ದ ಕೈಮಗ್ಗಕ್ಕೆ 1952ರಲ್ಲಿ ಬೆಲೆಕುಸಿತದ ಹೊಡೆತ ಬಿತ್ತು. ನೇಯ್ದ ಬಟ್ಟೆ ರಾಶಿಬಿದ್ದಿತು, ಕೊಳ್ಳುವವರಿರಲಿಲ್ಲ. ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಪಂಚೆ, ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು ಕೇಂದ್ರವನ್ನು ಒತ್ತಾಯಿಸಿದರು. ಅವರ ಎದುರಾಳಿಗಳಾದ ಅಣ್ಣಾದುರೈ ಮತ್ತು ಸಂಗಡಿಗರು ಕೈಮಗ್ಗದ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ಬೀದಿಬೀದಿಗಳಲ್ಲಿ ಮಾರಿದರು. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಸ್ಥಾಪನೆಯಾಯಿತು. 1953ರ ಕಾಯಿದೆಯಂತೆ ಗಿರಣಿ ಬಟ್ಟೆಯ ಪ್ರತಿ ಗಜಕ್ಕೆ ಮೂರು ಪೈ ತೆರಿಗೆ ವಿಧಿಸಿ ಆ ಹಣವನ್ನು ಖಾದಿ, ಕೈಮಗ್ಗಗಳ ನೆರವಿಗೆ ಮೀಸಲಿಡಲಾಯಿತು. ಈ ನೆರವು ಸಹಕಾರ ಸಂಘಗಳ ಮೂಲಕ ಬೀದಿಯನ್ನು ಮುಟ್ಟುವವರೆಗೆ ಮನೆಗಳು ಹೇಗೆ ನಡೆದವು? ನಮ್ಮ ಮನೆಯ ಹಿರಿಯರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ‘ಆ ವರ್ಷ ನೂಲು ಕುಡಿಯೋ ಗಂಜೀನ ನಾವೇ ಕುಡಿದ್ವಿ.’

ಮುಂದಿನ ಬದಲಾವಣೆಗಳು ನಿಮಗೆ ತಿಳಿದವೇ. 1932ರ ಪೈಕಾರಾ ವಿದ್ಯುತ್ತಿನಿಂದ ಕೊಯಮತ್ತೂರಿನ ನೂಲಿನ ಗಿರಣಿಗಳು ಬೆಳೆದವು. ಕಾಲಕ್ರಮದಲ್ಲಿ ಅದೇ ವಿದ್ಯುತ್ತು ಸೋಮನೂರು, ಪಲ್ಲಡಂಗಳ ಮನೆಗಳಿಗೆ ವಿದ್ಯುನ್ಮಗ್ಗವನ್ನು ತಂದಿತು. ಗಂಜಿ ಹಾಕುವ ಕೆಲಸ ಸೈಜಿಂಗ್ ಕಾರ್ಖಾನೆಗೆ ಹೋಯಿತು. 1983ರಿಂದ ಪೊಂಗಲಿಗೆ ಬಡವರಿಗೆ ಉಚಿತ ಪಂಚೆ, ಸೀರೆ ಕೊಡುವ ಯೋಜನೆ ಬಂದು ಚಳಿಗಾಲದಲ್ಲಿ ಮಗ್ಗಗಳಿಗೆ ಕೆಲಸ ದೊರೆಯಿತು. 1985ರ ಮೀಸಲಾತಿ ಕಾಯಿದೆಯೂ ಕೈಮಗ್ಗವನ್ನು ನಮ್ಮ ಬೀದಿಗೆ ಮರಳಿ ತರಲಿಲ್ಲ. ಇದಕ್ಕಾಗಿ ಕಣ್ಣೀರಿಡುವುದು ಸರಿಯಲ್ಲ. ಗುಂಡಿಯಿಂದ ಕಾಲೆತ್ತಿದ ಮಕ್ಕಳು ಓದಿದರು, ಉದ್ಯೋಗ ಹಿಡಿದರು. ಇಂದು ಈ ಸಭೆಯಲ್ಲಿ ಕುಳಿತಿರುವ ಬಹುಪಾಲು ಕುಟುಂಬಗಳ ಏಳಿಗೆ ಅಲ್ಲಿಂದಲೇ ಬಂದುದು.

ಆದರೆ ಬೀದಿಯ ಕೆಲಸದೊಂದಿಗೆ ಅದರ ಮಾತೂ ಹೋಯಿತು. ಶಾಲೆಯಲ್ಲಿ ತಮಿಳು ಓದಿದ ನಾವು ಕನ್ನಡವನ್ನು ಕಲಿತ ಪಾಠಶಾಲೆಯೆಂದರೆ ಆ ಹಾಸಿನ ಬೀದಿ. ಹಾಸು, ಹೊಕ್ಕು, ಲಾಳಿ, ಅಚ್ಚು, ಕಂಡಿಕೆ ಎಂಬ ಮಾತುಗಳು ಅಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತಿದ್ದವು. ಇಂದಿನ ಮಕ್ಕಳಿಗೆ ಹಾಸು ಪಾವಾಗಿದೆ, ಹೊಕ್ಕು ಊಡೈ ಆಗಿದೆ, ಮಗ್ಗ ತರಿಯಾಗಿದೆ. ತಮಿಳು ನಮಗೆ ಅನ್ನ, ಅಕ್ಷರ ಕೊಟ್ಟ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ವಚನಕಾರ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತು ಬಳಸಿದ ನುಡಿ ನಮ್ಮ ತಲೆಮಾರಿನಲ್ಲಿ ಮನೆಯಿಂದ ಹೊರಬೀಳುವುದು ನೋವಿನ ಸಂಗತಿ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಈ ಮಾರ್ಗಳಿಯಲ್ಲಿ, ಎಂಬತ್ತು ದಾಟಿದ ಹಿರಿಯರಿರುವ ಮನೆಗಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಮಗ್ಗದ ಒಂದೊಂದು ಭಾಗವನ್ನೂ ಏನೆಂದು ಕರೆಯುತ್ತಿದ್ದರೆಂದು ಕೇಳಿಸಿ, ಮಕ್ಕಳ ಕೈಯಿಂದಲೇ ಬರೆಯಿಸಿರಿ. ನಲವತ್ತು ಪುಟದ ಒಂದು ನೋಟು ಪುಸ್ತಕ ಸಾಕು. ಮುಂದಿನ ಸಮ್ಮೇಳನದ ಸಂಚಿಕೆಯಲ್ಲಿ ಆ ಪಟ್ಟಿಯನ್ನು ಅಚ್ಚಿಸೋಣ.